ಹತ್ತಿರದ ಜಾಗಗಳಿಗೆ ಗುಂಪು ಭೇಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂಸಿಯಂ, ತಾರಾಲಯ, ಹವಾಮಾನ ಕೇಂದ್ರ, ನೀರು ಶುದ್ಧೀಕರಣ ಘಟಕ, ಹಳೆಯ ಕಟ್ಟಡ, ಕೋರ್ಟು. ಇಂಥ ಕಡೆ ಜನರನ್ನು ಗುಂಪಾಗಿ ಕರೆದುಕೊಂಡು ಹೋಗುವ ಕೆಲಸವನ್ನು ನಾನು ಬಹಳ ವರ್ಷದಿಂದ ಮಾಡುತ್ತಾ ಬಂದಿದ್ದೇನೆ. ಮೊದಲ ಸಲ ಬರುವವರು ಕೇಳುವ ಪ್ರಶ್ನೆಗಳೂ, ತಾವೇ ಒಂದು ಗುಂಪು ಕಟ್ಟಿಕೊಂಡು ಹೊರಡಬೇಕು ಅನ್ನುವವರು ಕೇಳುವ ಪ್ರಶ್ನೆಗಳೂ ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ. ಅವು ನನಗೆ ತುಂಬ ಮುಖ್ಯ ಅನಿಸಿದ ವಿಷಯಗಳು.

ಇದಕ್ಕೂ ಪ್ರವಾಸಕ್ಕೂ ಏನು ವ್ಯತ್ಯಾಸ?

ಪ್ರವಾಸದಲ್ಲಿ ದೂರ ಹೋಗುತ್ತೇವೆ, ಬಹಳ ನೋಡುತ್ತೇವೆ. ಇಲ್ಲಿ ಹತ್ತಿರ ಹೋಗುತ್ತೇವೆ, ಸ್ವಲ್ಪವೇ ನೋಡುತ್ತೇವೆ. ಆದರೆ ಆ ಸ್ವಲ್ಪವನ್ನು ಕಣ್ತುಂಬ ನೋಡುತ್ತೇವೆ, ಗೊತ್ತಿದ್ದವರ ಜೊತೆ ನಿಂತು ನೋಡುತ್ತೇವೆ. ದಿನಾ ಓಡಾಡುವ ರಸ್ತೆಯ ಪಕ್ಕದಲ್ಲೇ ಒಂದು ಕಾಂಪೌಂಡ್ ಇರುತ್ತದೆ. ಅದರೊಳಗೆ ಏನು ನಡೆಯುತ್ತದೆ ಅಂತ ಹತ್ತು ವರ್ಷವಾದರೂ ನಮಗೆ ಗೊತ್ತಿರುವುದಿಲ್ಲ. ಆ ಗೇಟು ದಾಟಿ ಒಳಗೆ ಹೋಗಿ ಬರುವುದಕ್ಕೆ ಅರ್ಧ ದಿನ ಸಾಕು.

ಎಂಥ ಜಾಗ ಆರಿಸಿಕೊಳ್ಳಬೇಕು?

ಕಲೆ ಮತ್ತು ಇತಿಹಾಸದ ಜಾಗಗಳು ಎಲ್ಲರಿಗೂ ತಕ್ಷಣ ಹೊಳೆಯುತ್ತವೆ. ವಿಜ್ಞಾನದ ಜಾಗಗಳು ಆಮೇಲೆ ನೆನಪಾಗುತ್ತವೆ. ಊರು ನಡೆಸುವ ಜಾಗಗಳು, ಅಂದರೆ ನೀರು, ಚರಂಡಿ, ಕಸ, ಅಂಚೆ, ಅಗ್ನಿಶಾಮಕ ಠಾಣೆ, ಇವು ಯಾರಿಗೂ ನೆನಪಾಗುವುದಿಲ್ಲ. ನನ್ನ ಅನುಭವದಲ್ಲಿ ಜನ ಜಾಸ್ತಿ ಮಾತಾಡಿಕೊಂಡು ಹೊರಬರುವುದು ಈ ಮೂರನೆಯ ಗುಂಪಿನ ಜಾಗಗಳಿಂದಲೇ.

ಇದು ಹೊಸ ಕುತೂಹಲವೂ ಅಲ್ಲ. ಪ್ಯಾರಿಸ್‌ನಲ್ಲಿ 1867ರ ದೊಡ್ಡ ವಸ್ತುಪ್ರದರ್ಶನದ ಸಮಯದಲ್ಲೇ ನೆಲದಡಿಯ ಚರಂಡಿಗಳನ್ನು ಜನರಿಗೆ ತೋರಿಸಲು ಶುರು ಮಾಡಿದ್ದರು. ಇವತ್ತಿಗೂ ಅಲ್ಲಿ ಚರಂಡಿಯ ಮ್ಯೂಸಿಯಂ ಇದೆ.

ಎರಡು ಜಾಗಗಳ ನಡುವೆ ಯಾವುದು ಅಂತ ಗೊಂದಲವಾದರೆ, ನೀವು ಹೋದಾಗ ಎಲ್ಲಿ ನಿಜವಾಗಿ ಕೆಲಸ ನಡೆಯುತ್ತಿರುತ್ತದೋ ಅಲ್ಲಿಗೆ ಹೋಗಿ. ರಜೆಯ ದಿನ ನಿಂತುಹೋದ ಯಂತ್ರ ನೋಡುವುದಕ್ಕಿಂತ, ಕೆಲಸದ ದಿನ ಸದ್ದು ಮಾಡುತ್ತಿರುವ ಯಂತ್ರ ನೋಡುವುದು ಎಷ್ಟೋ ಮೇಲು.

ಗುಂಪಿನಲ್ಲಿ ಎಷ್ಟು ಜನ ಇರಬೇಕು?

ಹದಿನೈದು ಜನ ಇದ್ದರೆ ಚೆನ್ನ. ಇಪ್ಪತ್ತಕ್ಕೆ ನಿಲ್ಲಿಸಿ.

ಒಮ್ಮೆ ನಾನು ಯಾರಿಗೂ ಇಲ್ಲ ಅನ್ನಲಾಗದೆ ನಲವತ್ತು ಜನರನ್ನು ಕರೆದುಕೊಂಡು ಹೋಗಿದ್ದೆ. ಪಂಪುಗಳ ಸದ್ದಿನ ನಡುವೆ ಅಲ್ಲಿನ ಎಂಜಿನಿಯರ್ ಗಂಟಲು ಹರಿದುಕೊಂಡು ವಿವರಿಸುತ್ತಿದ್ದರು. ಮುಂದೆ ನಿಂತ ಹದಿನೈದು ಜನ ಕೇಳಿಸಿಕೊಂಡರು. ಹಿಂದಿದ್ದವರು ಫೋನ್ ನೋಡುತ್ತಾ ನಿಂತರು. ಅವರ ತಪ್ಪೇನಿಲ್ಲ, ಅವರಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಅವತ್ತಿನಿಂದ ಜಾಸ್ತಿ ಜನ ಹೆಸರು ಕೊಟ್ಟರೆ ಎರಡು ತಂಡ ಮಾಡಿ, ಎರಡು ಬೇರೆ ದಿನ ಕರೆದುಕೊಂಡು ಹೋಗುತ್ತೇನೆ.

ಒಂದೇ ದಿನ ಮೂರ್ನಾಲ್ಕು ಜಾಗ ನೋಡಬಹುದಲ್ವಾ?

ನೋಡಬಹುದು, ಆದರೆ ಬೇಡ. ಒಂದು ದಿನಕ್ಕೆ ಒಂದೇ ಜಾಗ. ತೀರಾ ಪಕ್ಕದಲ್ಲಿದ್ದರೆ ಎರಡು.

ಮ್ಯೂಸಿಯಂನಲ್ಲಿ ಬೇಗ ದಣಿವಾಗುವುದನ್ನು ನಾವೆಲ್ಲ ಅನುಭವಿಸಿದ್ದೇವೆ. ಇದಕ್ಕೆ ‘ಮ್ಯೂಸಿಯಂ ದಣಿವು’ ಅಂತಲೇ ಹೆಸರಿದೆ. ಅಮೆರಿಕದ ಬಾಸ್ಟನ್ ಕಲಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲಿ ಇದರ ಬಗ್ಗೆ ಬರೆದರು. ಒಬ್ಬ ವ್ಯಕ್ತಿ ಗಾಜಿನ ಪೆಟ್ಟಿಗೆಯೊಳಗಿನ ವಸ್ತು ನೋಡಲು ಎಷ್ಟು ಬಗ್ಗಬೇಕು, ಎಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಎಲ್ಲಿ ಕುತ್ತಿಗೆ ಉದ್ದ ಮಾಡಬೇಕು ಅನ್ನುವುದನ್ನೆಲ್ಲ ಫೋಟೊ ತೆಗೆಸಿ ತೋರಿಸಿದರು. ನೋಡುವುದು ಕೂಡ ಮೈ ದಣಿಸುವ ಕೆಲಸವೇ.

ನಾನು ಮಾಡುವುದು ಇಷ್ಟು. ದೊಡ್ಡ ಮ್ಯೂಸಿಯಂ ಆದರೆ ಐದೇ ಐದು ವಸ್ತು ಆರಿಸಿಕೊಳ್ಳುತ್ತೇನೆ. ಒಂದೊಂದರ ಮುಂದೆ ಹತ್ತು ನಿಮಿಷ. ಮೊದಲ ಎರಡು ನಿಮಿಷ ಯಾರೂ ಮಾತಾಡುವುದಿಲ್ಲ, ಸುಮ್ನೆ ನೋಡುತ್ತೇವೆ. ಆಮೇಲೆ ಯಾರಿಗೆ ಏನು ಕಂಡಿತು ಅಂತ ಕೇಳುತ್ತೇನೆ. ಪಕ್ಕದ ಫಲಕ ಓದುವುದು ಕೊನೆಗೆ. ಫಲಕ ಮೊದಲು ಓದಿಬಿಟ್ಟರೆ ಕಣ್ಣು ಅದರಲ್ಲಿ ಬರೆದಿರುವುದನ್ನಷ್ಟೇ ಹುಡುಕುತ್ತದೆ. ಉಳಿದದ್ದನ್ನು ನೋಡಬೇಕು ಅನ್ನುವವರು ಇನ್ನೊಂದು ದಿನ ತಾವೇ ಬರುತ್ತಾರೆ.

ಅನುಮತಿ ಹೇಗೆ ಕೇಳುವುದು?

ಮ್ಯೂಸಿಯಂ, ತಾರಾಲಯಗಳಲ್ಲಿ ಗುಂಪು ಭೇಟಿಗೆ ಸಾಮಾನ್ಯವಾಗಿ ಪ್ರತ್ಯೇಕ ವ್ಯವಸ್ಥೆ ಇರುತ್ತದೆ. ಫೋನ್ ಮಾಡಿದರೆ ಸಾಕು. ನೀರು, ವಿದ್ಯುತ್ತಿನಂಥ ಜಾಗಗಳಲ್ಲಿ ಬರವಣಿಗೆಯಲ್ಲಿ ಕೇಳಬೇಕು, ಒಂದು ತಿಂಗಳು ಮುಂಚೆಯೇ ಕೇಳಬೇಕು. ಎಷ್ಟು ಜನ, ಯಾವ ವಯಸ್ಸಿನವರು, ಎಷ್ಟು ಹೊತ್ತು ಇರುತ್ತೀರಿ, ಏನು ನೋಡಬೇಕು ಅಂತ ಬರೆಯಿರಿ. ‘ಎಲ್ಲಾ ತೋರಿಸಿ’ ಅಂತ ಬರೆದರೆ ಓದಿದವರಿಗೆ ತಲೆನೋವು. ‘ಸೋಸುವ ತೊಟ್ಟಿಗಳನ್ನೂ ಪ್ರಯೋಗಾಲಯವನ್ನೂ ನೋಡಬೇಕು’ ಅಂತ ಬರೆದರೆ, ಇವರು ಸ್ವಲ್ಪ ತಿಳಿದುಕೊಂಡೇ ಬರುತ್ತಿದ್ದಾರೆ ಅಂತ ಅವರಿಗೂ ಖುಷಿ.

ಹೋಗುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ. ನಾನು ಹಾಗೆ ಮಾಡದೆ ಒಂದು ಸಲ ಹದಿನೆಂಟು ಜನರನ್ನು ಮುಚ್ಚಿದ ಗೇಟಿನ ಮುಂದೆ ನಿಲ್ಲಿಸಿದ್ದೆ. ಅನುಮತಿ ಕೊಟ್ಟಿದ್ದ ಅಧಿಕಾರಿ ರಜೆಯ ಮೇಲಿದ್ದರು, ಕಾವಲಿನವರಿಗೆ ವಿಷಯವೇ ಗೊತ್ತಿರಲಿಲ್ಲ.

ಮುಂಚೆಯೇ ಒಬ್ಬರು ಹೋಗಿ ನೋಡಿಬರಬೇಕಾ?

ಬೇಕೇ ಬೇಕು. ನಡೆಯುವ ದಾರಿ ಎಷ್ಟು, ಮೆಟ್ಟಿಲು ಎಷ್ಟು, ನೆರಳು ಎಲ್ಲಿದೆ, ಶೌಚಾಲಯ ಎಲ್ಲಿದೆ, ಹದಿನೈದು ಜನ ಒಟ್ಟಿಗೆ ನಿಲ್ಲುವಷ್ಟು ಜಾಗ ಎಲ್ಲಿದೆ ಅಂತ ನೋಡಿಕೊಂಡು ಬನ್ನಿ. ಭೇಟಿ ನಡೆಯುವ ಹೊತ್ತಿಗೇ ಹೋಗಿ ನೋಡುವುದು ಒಳ್ಳೆಯದು. ಬೆಳಗ್ಗೆ ತಣ್ಣಗಿದ್ದ ಅಂಗಳ ಮಧ್ಯಾಹ್ನ ಕಾದ ಹಂಚಿನಂತಿರುತ್ತದೆ.

ವಿವರಿಸಲು ಗೈಡ್ ಬೇಕಾ, ಅಲ್ಲಿ ಕೆಲಸ ಮಾಡುವವರೇ ಸಾಕಾ?

ಸಾಧ್ಯವಿದ್ದಲ್ಲೆಲ್ಲ ಅಲ್ಲಿ ಕೆಲಸ ಮಾಡುವವರ ಬಾಯಿಂದಲೇ ಕೇಳಿ. ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಒಳ್ಳೆಯ ಗೈಡ್ ಇತಿಹಾಸವನ್ನು ಚೆನ್ನಾಗಿ ಕಟ್ಟಿ ಹೇಳುತ್ತಾರೆ, ಅವರ ಮೇಲೆ ನನಗೆ ಗೌರವವಿದೆ. ಆದರೆ ಮೂವತ್ತು ವರ್ಷ ಅದೇ ವಾಲ್ವ್ ತಿರುಗಿಸಿದವರು ಹೇಳುವ ಮಾತಿನ ತೂಕವೇ ಬೇರೆ.

ಅವರಲ್ಲಿ ಬಹಳ ಜನ ಮೊದಲು ಸಂಕೋಚಪಡುತ್ತಾರೆ. ‘ನಮ್ಮದೇನಿದೆ ಹೇಳೋಕೆ, ಸಾಹೇಬರನ್ನು ಕೇಳಿ’ ಅನ್ನುತ್ತಾರೆ. ಆಗ ‘ಇದರ ಬಗ್ಗೆ ಹೇಳಿ’ ಅಂತ ಒತ್ತಾಯ ಮಾಡಬೇಡಿ. ‘ಬೆಳಗ್ಗೆ ಬಂದ ತಕ್ಷಣ ಮೊದಲು ಏನು ನೋಡ್ತೀರಿ?’ ಅಂತ ಕೇಳಿ. ‘ಏನೋ ಸರಿ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಅಂತ ಕೇಳಿ. ಒಬ್ಬರು ಪಂಪ್ ಆಪರೇಟರ್ ಈ ಪ್ರಶ್ನೆಗೆ ಉತ್ತರ ಕೊಡುವ ಬದಲು, ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯನ್ನು ಪಂಪಿನ ಬೇರಿಂಗ್ ಕವಚಕ್ಕೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಆಮೇಲೆ ನಮ್ಮಲ್ಲಿ ಒಬ್ಬೊಬ್ಬರಿಗೂ ಕೊಟ್ಟರು. ಮೊದಲ ಪಂಪಿನಲ್ಲಿ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಎರಡನೆಯದರಲ್ಲಿ ನಡುನಡುವೆ ಮರಳು ಅರೆದಂಥ ಕರಕರ. ‘ಇದಕ್ಕೆ ಮುಂದಿನ ವಾರ ಬೇರಿಂಗ್ ಬದಲಾಯಿಸಬೇಕು’ ಅಂದರು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನೀರು ಶುದ್ಧೀಕರಣ ಘಟಕದಲ್ಲಿ ನೋಡುವಂಥದ್ದು ಏನಿದೆ?

ಬಹಳ ಇದೆ. ನನ್ನನ್ನು ಕೇಳಿದರೆ ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಲ್ಲಿ ತಿರುಗಿಸುವವರಿಗೆಲ್ಲ ಅದು ಸಂಬಂಧಪಟ್ಟದ್ದು.

ನದಿ ಅಥವಾ ಕೆರೆಯಿಂದ ಬಂದ ನೀರಿನಲ್ಲಿ ಕಸಕಡ್ಡಿಯನ್ನು ಜಾಲರಿ ತಡೆಯುತ್ತದೆ. ಆದರೆ ಬಗ್ಗಡಕ್ಕೆ ಕಾರಣವಾದ ಜೇಡಿಯ ಕಣಗಳು ತೀರಾ ಸಣ್ಣವು. ಅವುಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಒಟ್ಟು ಸೇರುವುದೇ ಇಲ್ಲ. ದಿನಗಟ್ಟಲೆ ಬಿಟ್ಟರೂ ತಳಕ್ಕೆ ಇಳಿಯುವುದಿಲ್ಲ. ಪಟಿಕ ಹಾಕಿದಾಗ ಆ ತಳ್ಳಾಟ ತಗ್ಗುತ್ತದೆ. ಕಣಗಳು ಅಂಟಿಕೊಂಡು ದಪ್ಪವಾಗಿ, ಭಾರವಾಗಿ ಕೆಳಗೆ ಇಳಿಯುತ್ತವೆ.

ಎಷ್ಟು ಪಟಿಕ ಹಾಕಬೇಕು ಅನ್ನುವುದು ನೀರಿನ ಮೇಲೆ ಹೋಗುತ್ತದೆ. ಜೋರು ಮಳೆ ಬಂದ ಮರುದಿನ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಜಾರ್ ಪರೀಕ್ಷೆ ಮಾಡುತ್ತಾರೆ. ಇದನ್ನು ತೋರಿಸಿ ಅಂತ ಮುಂಚೆಯೇ ಕೇಳಿಕೊಳ್ಳಿ. ಮೇಜಿನ ಮೇಲೆ ಸಾಲಾಗಿ ಆರು ಗಾಜಿನ ಜಾರು, ಆರರಲ್ಲೂ ಅದೇ ಕೆಸರು ಬಣ್ಣದ ನೀರು. ಒಂದೊಂದಕ್ಕೆ ಒಂದೊಂದು ಅಳತೆಯ ಪಟಿಕ. ಮೊದಲು ಕಡ್ಡಿಗಳು ಜೋರಾಗಿ ತಿರುಗುತ್ತವೆ, ಆಮೇಲೆ ನಿಧಾನ. ಹತ್ತು ನಿಮಿಷ ಏನೂ ಆಗಲಿಲ್ಲ ಅನಿಸುತ್ತದೆ. ಆಮೇಲೆ ನೋಡುತ್ತಿದ್ದಂತೆಯೇ ನೀರಿನೊಳಗೆ ಹಿಂಜಿದ ಹತ್ತಿಯಂಥ ಚೂರುಗಳು ಮೂಡುತ್ತವೆ. ಕಡ್ಡಿ ನಿಲ್ಲಿಸಿದರೆ ಸಾಕು, ಮೆಲ್ಲಗೆ ಕೆಳಗೆ ಇಳಿಯುತ್ತವೆ. ಮೊದಲ ಜಾರು ಇನ್ನೂ ಬಗ್ಗಡ, ನಾಲ್ಕನೆಯದು ತಿಳಿ. ಆರನೆಯದು ಪಟಿಕ ಜಾಸ್ತಿ ಬಿದ್ದರೂ ನಾಲ್ಕನೆಯದರಷ್ಟು ತಿಳಿಯಾಗಿರದೇ ಇರಬಹುದು. ಅವತ್ತು ಇಡೀ ಊರಿನ ನೀರಿಗೆ ನಾಲ್ಕನೆಯ ಜಾರಿನ ಅಳತೆ.

ಆಮೇಲೆ ಮರಳಿನ ಸೋಸುತೊಟ್ಟಿ, ಕೊನೆಗೆ ಕ್ಲೋರಿನ್. ನಲ್ಲಿಯವರೆಗೆ ಬರುವಷ್ಟರಲ್ಲಿ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ದಾರಿಯಲ್ಲಿ ಪೈಪು ಸೋರಿ ಕೊಳೆ ಸೇರಿದರೆ ಆ ಉಳಿದ ಕ್ಲೋರಿನ್ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ನೀರಿನಿಂದ ರೋಗ ಹರಡುತ್ತದೆ ಅನ್ನುವುದನ್ನೇ ಜನ ಸುಲಭವಾಗಿ ಒಪ್ಪಿರಲಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಮನೆಮನೆ ವಿಚಾರಿಸಿ, ಸಾವುಗಳು ಒಂದು ಕೈಪಂಪಿನ ಸುತ್ತ ಗುಂಪಾಗಿವೆ ಅಂತ ಕಂಡುಕೊಂಡರು. ಅವರ ಮಾತಿನ ಮೇಲೆ ಆ ಪಂಪಿನ ಹಿಡಿಕೆ ತೆಗೆಸಿದರು. ಈ ಕಥೆಯನ್ನು ನಾನು ಯಾವಾಗಲೂ ಕ್ಲೋರಿನ್ ಕೋಣೆಯ ಹೊರಗೆ ನಿಂತು ಹೇಳುತ್ತೇನೆ.

ಮ್ಯೂಸಿಯಂ ಒಳಗೆ ಅಷ್ಟು ಕತ್ತಲು ಯಾಕೆ? ಫೋಟೊ ತೆಗೆಯಬಹುದಾ?

ಹಳೆಯ ಬಟ್ಟೆ, ಕಾಗದ, ಜಲವರ್ಣದ ಚಿತ್ರಗಳು ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತವೆ. ಹೋದ ಬಣ್ಣ ಮತ್ತೆ ಬರುವುದಿಲ್ಲ. ಬೆಳಕಿನ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಅದಕ್ಕೇ ಅಂಥ ವಸ್ತುಗಳ ಮೇಲೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಮಾತ್ರ ಬೀಳುವಂತೆ ನೋಡಿಕೊಳ್ಳುತ್ತಾರೆ. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಹುದು. ಬಿಸಿಲಿನಿಂದ ನೇರ ಒಳಗೆ ಬಂದರೆ ಏನೂ ಕಾಣದಿರುವುದು ಸಹಜ. ಬಾಗಿಲ ಹತ್ತಿರ ಐದು ನಿಮಿಷ ನಿಂತು, ಅವತ್ತು ನೋಡುವುದರ ಬಗ್ಗೆ ಮಾತಾಡಿ. ಅಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ.

ಫೋಟೊ ಬಗ್ಗೆ ಆಯಾ ಜಾಗದ ನಿಯಮವೇ ಕೊನೆ. ಬಿಡುತ್ತಾರೆ ಅಂದರೂ ಫ್ಲ್ಯಾಶ್ ಬೇಡ. ಕೆಲಸ ಮಾಡುತ್ತಿರುವವರ ಮುಖ ತೆಗೆಯುವ ಮುಂಚೆ ಅವರನ್ನು ಕೇಳಿ.

ಪೂಜೆ, ಪ್ರಾರ್ಥನೆ ನಡೆಯುವ ಹಳೆಯ ಕಟ್ಟಡಕ್ಕೆ ಹೋಗಬಹುದಾ?

ಹೋಗಬಹುದು. ಅಲ್ಲಿಯವರು ಹೇಳಿದ ಹೊತ್ತಿಗೆ, ಅವರು ಹೇಳಿದ ಹಾಗೆ. ಪ್ರಾರ್ಥನೆ ಶುರುವಾದರೆ ವಿವರಣೆ ಅಲ್ಲಿಗೆ ನಿಲ್ಲಬೇಕು. ಉಳಿದ ಮಾತು ಹೊರಗೆ ಬಂದು ಆಡಿದರಾಯಿತು.

ತಾರಾಲಯಕ್ಕೂ ವೀಕ್ಷಣಾಲಯಕ್ಕೂ ಏನು ವ್ಯತ್ಯಾಸ? ಯಾವುದಕ್ಕೆ ಮೊದಲು ಹೋಗಬೇಕು?

ತಾರಾಲಯದಲ್ಲಿ ಗುಮ್ಮಟದ ಒಳಮೈ ಮೇಲೆ ಆಕಾಶದ ಚಿತ್ರ ಮೂಡಿಸುತ್ತಾರೆ. ಈಗಿನ ಬಗೆಯ ತಾರಾಲಯದ ಪ್ರೊಜೆಕ್ಟರ್ ಅನ್ನು ಜರ್ಮನಿಯ ಝೈಸ್ ಕಂಪನಿ ಮಾಡಿತು. 1923ರಲ್ಲಿ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ ಅದನ್ನು ಮೊದಲ ಬಾರಿಗೆ ತೋರಿಸಿದರು. ವೀಕ್ಷಣಾಲಯದಲ್ಲಿ ದೂರದರ್ಶಕದ ಮೂಲಕ ನಿಜವಾದ ಆಕಾಶ ನೋಡುತ್ತಾರೆ. ಮೊದಲು ತಾರಾಲಯ, ಅದೇ ವಾರ ಬಯಲಿನಲ್ಲಿ ನಿಜವಾದ ಆಕಾಶ. ಈ ಕ್ರಮ ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಆಕಾಶ ನೋಡುವ ರಾತ್ರಿಗೆ ಹುಣ್ಣಿಮೆ ಬೇಡ, ನಕ್ಷತ್ರಗಳು ಬೆಳದಿಂಗಳಲ್ಲಿ ಮುಳುಗಿಹೋಗುತ್ತವೆ. ಚಂದ್ರನನ್ನೇ ನೋಡಬೇಕಾದರೂ ಅರ್ಧಚಂದ್ರ ಇದ್ದಾಗ ಹೋಗಿ. ಬೆಳಕು ಕತ್ತಲು ಸೇರುವ ಗೆರೆಯ ಹತ್ತಿರ ಕುಳಿಗಳ ನೆರಳು ಉದ್ದವಾಗಿ ಬಿದ್ದು, ಅವುಗಳ ಆಳ ಕಣ್ಣಿಗೆ ಕಟ್ಟುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಬ್ಬರು ಫೋನ್ ತೆರೆದರೂ ಪಕ್ಕದವರದೂ ಸೇರಿ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಬಣ್ಣದ ಪಾರದರ್ಶಕ ಕಾಗದ ಸುತ್ತಿಕೊಳ್ಳಿ.

ಇನ್ನೊಂದು ಮಾತು ಮುಂಚೆಯೇ ಹೇಳಿಬಿಡಿ. ಪುಸ್ತಕದಲ್ಲಿ ಕಾಣುವ ಬಣ್ಣದ ಗೆಲಾಕ್ಸಿ ದೂರದರ್ಶಕದಲ್ಲಿ ಕಾಣುವುದಿಲ್ಲ. ಆಂಡ್ರೊಮಿಡಾ ಗೆಲಾಕ್ಸಿ ಒಂದು ಮಸುಕು ಹೊಗೆಯ ಚುಕ್ಕೆಯಂತೆ ಕಾಣುತ್ತದೆ, ಅಷ್ಟೇ. ಆದರೆ ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ ಅಂತ ಮೆಲ್ಲಗೆ ಹೇಳಿ ನೋಡಿ. ಒಮ್ಮೆ ನೋಡಿದವರೆಲ್ಲ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ.

ಹಗಲಿನಲ್ಲಿ ಆಕಾಶಕ್ಕೆ ಸಂಬಂಧಪಟ್ಟದ್ದು ಏನಾದರೂ ನೋಡಬಹುದಾ?

ನೆರಳು ಗಡಿಯಾರ. ಸಣ್ಣದೇ ಇರಲಿ, ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಹತ್ತು ನಿಮಿಷ ಬಿಟ್ಟು ಬನ್ನಿ. ನೆರಳು ಗೆರೆ ದಾಟಿರುತ್ತದೆ. ಜೈಪುರದ ಜಂತರ್ ಮಂತರ್‌ನಲ್ಲಿರುವ ಸಾಮ್ರಾಟ ಯಂತ್ರ ಅನ್ನುವ ನೆರಳು ಗಡಿಯಾರ ಸುಮಾರು 27 ಮೀಟರ್ ಎತ್ತರ. ಅದರ ನೆರಳು ಸೆಕೆಂಡಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್ ಸರಿಯುತ್ತದೆ. ಅಂದರೆ ಭೂಮಿ ತಿರುಗುವುದನ್ನು ಬರಿಗಣ್ಣಿನಲ್ಲಿ, ನಿಂತಲ್ಲೇ ನೋಡಬಹುದು. ಅಲ್ಲಿ ಒಂದು ನಿಮಿಷ ಅಂಗೈಯನ್ನು ನೆರಳಿನ ಅಂಚಿಗೆ ಇಟ್ಟು ನಿಂತರೆ, ಅಂಗೈ ಮುಕ್ಕಾಲು ಭಾಗ ನೆರಳಿನೊಳಗೆ ಹೋಗಿರುತ್ತದೆ.

ನೆರಳು ಗಡಿಯಾರ ಕೈಗಡಿಯಾರಕ್ಕೆ ತಾಳೆಯಾಗಲಿಲ್ಲ ಅಂದರೆ ಅದು ಕೆಟ್ಟಿದೆ ಅಂತಲ್ಲ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ವರ್ಷದ ಕೆಲವು ದಿನ 16 ನಿಮಿಷದವರೆಗೆ ವ್ಯತ್ಯಾಸ ಬರುತ್ತದೆ. ಊರು ಇರುವ ರೇಖಾಂಶದ ವ್ಯತ್ಯಾಸ ಬೇರೆ.

ಪ್ರಶ್ನೆ ಕೇಳಲು ಜನ ಹಿಂಜರಿಯುತ್ತಾರೆ. ಏನು ಮಾಡುವುದು?

‘ಏನಾದರೂ ಪ್ರಶ್ನೆ ಇದೆಯಾ?’ ಅಂತ ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ಅದರ ಬದಲು ಒಂದು ವಸ್ತು ತೋರಿಸಿ, ಅದು ಹಾಗೇಕೆ ಇದೆ ಅಂತ ನೀವೇ ಕೇಳಿ.

ಹವಾಮಾನ ಕೇಂದ್ರದಲ್ಲಿ ಕಾಲುಗಳ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ ಇರುತ್ತದೆ. ಒಳಗೆ ಉಷ್ಣಮಾಪಕಗಳು. ಯಾಕೆ ಬಿಳಿ? ಬಿಸಿಲು ಹೀರಬಾರದು. ಯಾಕೆ ಗೋಡೆಯೆಲ್ಲ ಓರೆ ಪಟ್ಟಿ? ಗಾಳಿ ಆಡಬೇಕು, ಬಿಸಿಲು ಮಳೆ ಒಳಗೆ ಬರಬಾರದು. ಯಾಕೆ ಅಷ್ಟು ಎತ್ತರ? ನೆಲದ ಕಾವು ತಟ್ಟಬಾರದು. ಬಾಗಿಲು ಯಾಕೆ ಆ ದಿಕ್ಕಿಗೇ ಇದೆ? ತೆರೆದಾಗ ಬಿಸಿಲು ನೇರ ಬೀಳಬಾರದು. ಇದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ದೀಪಸ್ತಂಭ ಕಟ್ಟುವ ಎಂಜಿನಿಯರ್ ಆಗಿದ್ದರು. ನಾಲ್ಕು ‘ಯಾಕೆ’ ಮುಗಿಯುವಷ್ಟರಲ್ಲಿ ಗುಂಪಿನಿಂದ ಐದನೆಯದು ತಾನಾಗಿಯೇ ಬರುತ್ತದೆ.

ಪಕ್ಕದಲ್ಲೇ ಮಳೆಮಾಪಕ ಇರುತ್ತದೆ. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ನೂರು ಚದರ ಮೀಟರ್ ತಾರಸಿ ಮೇಲೆ 20 ಮಿಲಿಮೀಟರ್ ಬಿದ್ದರೆ ಎರಡು ಸಾವಿರ ಲೀಟರ್. ಈ ಲೆಕ್ಕವನ್ನು ಅಲ್ಲೇ ಮಾಡಿಸಿ.

ಕೋರ್ಟು, ನಗರಸಭೆಯ ಸಭೆ ಇವನ್ನೂ ನೋಡಬಹುದಾ?

ಬಹಳ ದೇಶಗಳಲ್ಲಿ ಕೋರ್ಟಿನ ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ನಡೆಯುವ ಕೆಲವು ಪ್ರಕರಣ ಬಿಟ್ಟರೆ ಹಿಂದೆ ಕುಳಿತು ಕೇಳಬಹುದು. ಇಲ್ಲಿಗೆ ಐದಾರು ಜನರಿಗಿಂತ ಜಾಸ್ತಿ ಬೇಡ. ಅಲ್ಲಿ ನಡೆಯುತ್ತಿರುವುದು ಯಾರದೋ ಬದುಕಿನ ಕಷ್ಟ. ಫೋನ್ ಬಂದ್, ಪಿಸುಮಾತೂ ಬೇಡ, ಹೊರಗೆ ಬಂದು ಹೆಸರು ಹಿಡಿದು ಚರ್ಚೆಯೂ ಬೇಡ.

ಮಕ್ಕಳು, ವಯಸ್ಸಾದವರು ಒಟ್ಟಿಗೆ ಬಂದರೆ ತೊಂದರೆಯಾಗುವುದಿಲ್ಲವಾ?

ಒಟ್ಟಿಗೆ ಬಂದರೇ ಚೆಂದ. ಎಲ್ಲರಲ್ಲೂ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಗೆ ಗುಂಪು ನಡೆಯಬೇಕು. ಅವರನ್ನು ಮುಂದೆ ಬಿಡಿ, ಹಿಂದೆ ಅಲ್ಲ. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಮುಂಚೆ ನೋಡಿಬರುವ ದಿನವೇ ಇಳಿಜಾರು ದಾರಿ, ಲಿಫ್ಟು ವಿಚಾರಿಸಿ. ದಾರಿ ಇಲ್ಲದಿದ್ದರೆ ಅವರನ್ನು ಹೊರಗೆ ಕೂರಿಸಿ ನಾವು ಒಳಗೆ ಹೋಗುವುದಿಲ್ಲ, ಜಾಗವನ್ನೇ ಬದಲಾಯಿಸುತ್ತೇವೆ.

ಯಾರಾದರೂ ತಪ್ಪಿಸಿಕೊಂಡರೆ?

ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಬಾಗಿಲಲ್ಲಿ ‘ನಿಮ್ಮ ಜೋಡಿ ಇದ್ದಾರಾ?’ ಅಂತ ಒಮ್ಮೆ ಕೇಳಿದರೆ ಸಾಕು. ಕೊನೆಯಲ್ಲಿ ನಡೆಯುವವರು ಒಬ್ಬರು ಗೊತ್ತಾಗಿರಲಿ, ಅವರ ಹಿಂದೆ ಯಾರೂ ಇರಬಾರದು.

ಮಾಮೂಲಾಗಿ ಮುಚ್ಚಿರುವ ಜಾಗಗಳು ತೆರೆಯುವ ದಿನ ಅಂತ ಏನಾದರೂ ಇದೆಯಾ?

ಇದೆ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, ಅವತ್ತು ಬಹಳ ಕಡೆ ವಿಶೇಷ ಕಾರ್ಯಕ್ರಮ ಇರುತ್ತದೆ. ಪರಂಪರೆಯ ಕಟ್ಟಡಗಳ ಬಾಗಿಲು ತೆರೆಯುವ ದಿನ ಫ್ರಾನ್ಸ್‌ನಲ್ಲಿ 1984ರಲ್ಲಿ ಶುರುವಾಗಿ ಯುರೋಪಿಗೆಲ್ಲ ಹರಡಿತು. ಲಂಡನ್ನಿನಲ್ಲಿ 1992ರಿಂದ ‘ಓಪನ್ ಹೌಸ್’ ನಡೆಯುತ್ತದೆ. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಅವರ ನೆನಪಿಗೆ 2007ರಲ್ಲಿ ಟೊರಾಂಟೊದಲ್ಲಿ ಶುರುವಾದ ‘ಜೇನ್ಸ್ ವಾಕ್’ನಲ್ಲಿ ಊರಿನವರೇ ತಮ್ಮ ಬೀದಿ ತೋರಿಸುತ್ತಾರೆ. ಈಗ ಅದು ಎಷ್ಟೋ ದೇಶಗಳಲ್ಲಿ ನಡೆಯುತ್ತದೆ.

ಮುಗಿದ ಮೇಲೆ ಏನು ಮಾಡಬೇಕು?

ತಕ್ಷಣ ಚದುರಿ ಹೋಗಬೇಡಿ. ಅಲ್ಲೇ ನೆರಳಿನಲ್ಲಿ ಕಾಲು ಗಂಟೆ ಕೂತು, ಒಬ್ಬೊಬ್ಬರೂ ತಮಗೆ ಹೊಸದು ಅನಿಸಿದ ಒಂದು ವಿಷಯ ಹೇಳಿ. ಉತ್ತರ ಸಿಗದ ಪ್ರಶ್ನೆಗಳನ್ನು ಒಬ್ಬರು ಬರೆದುಕೊಳ್ಳಲಿ. ಎರಡು ದಿನದೊಳಗೆ ಅಲ್ಲಿಯವರಿಗೆ ಧನ್ಯವಾದದ ಪತ್ರ ಬರೆಯಿರಿ, ನಿಮಗೆ ವಿವರಿಸಿದವರ ಹೆಸರು ಹಾಕಿ ಬರೆಯಿರಿ, ಪ್ರತಿಯನ್ನು ಅವರ ಮೇಲಿನವರಿಗೂ ಕಳಿಸಿ. ಉಳಿದ ಪ್ರಶ್ನೆಗಳನ್ನು ಅದೇ ಪತ್ರದಲ್ಲಿ ಕೇಳಿ. ಸ್ಕ್ರೂಡ್ರೈವರ್ ಕಿವಿಗಿಟ್ಟು ತೋರಿಸಿದ ಆ ಆಪರೇಟರ್‌ಗೆ ನಮ್ಮ ಪತ್ರವನ್ನು ಅವರ ಮೇಲಧಿಕಾರಿ ಎಲ್ಲರ ಮುಂದೆ ಓದಿ ಹೇಳಿದರಂತೆ. ಮುಂದಿನ ತಂಡ ಹೋದಾಗ ಅವರೇ ಗೇಟಿನ ಹತ್ತಿರ ಕಾಯುತ್ತಿದ್ದರು.